ಭದ್ರಕೋಟೆಯ ಭಾವ ಓದುವುದು ಹೇಗೆ? ಸೇಫ್ ಸೀಟ್ ಮತ್ತು ಪ್ರಿಡಿಕ್ಷನ್ ಮಾರ್ಕೆಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಚುನಾವಣೆ ಬಂದರೆ ‘ಈ ಸೀಟು ಗ್ಯಾರಂಟಿ’ ಎನ್ನುವ ಮಾತಿಗೆ ಬರವಿಲ್ಲ. ಈಗ ಆ ಮಾತಿನ ಬೆನ್ನಿಗೆ ಮೊಬೈಲಿನಲ್ಲಿ ಪ್ರಿಡಿಕ್ಷನ್ ಮಾರ್ಕೆಟ್‌ನ ಒಂದು ಅಂಕಿಯೂ ಬರುತ್ತದೆ: 94, 97, 98.5. ಆ ಅಂಕಿಯನ್ನು ಓದುವವರಿಗಾಗಿ ಈ ಪುಟ, ಅದರ ಮೇಲೆ ಹಣ ಹೂಡುವವರಿಗಾಗಿ ಅಲ್ಲ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉತ್ತರಗಳಲ್ಲಿ ಬರುವ ಮಾರ್ಕೆಟ್ ಬೆಲೆಗಳು ಲೆಕ್ಕ ತೋರಿಸಲು ಹಾಕಿಕೊಂಡವು; ಹೆಸರು ಹೇಳಿದ ಕ್ಷೇತ್ರಗಳ ಮತಗಳ ಅಂಕಿಗಳು ನಿಜವಾದ ಫಲಿತಾಂಶದವು.

## ಮೊದಲು ತಿಳಿಯಬೇಕಾದ್ದು

ಪ್ರಿಡಿಕ್ಷನ್ ಮಾರ್ಕೆಟ್ ಅಂದ್ರ ನಮ್ಮ ಕಡೆ ಬಾಜಿ ಕಟ್ಟೂದ ಅಲ್ಲೇನ್ರಿ? ಹೆಸರಷ್ಟ ಬ್ಯಾರೆ?

ಅರ್ಧ ಹೌದು. ಎರಡರಲ್ಲೂ ಗೆದ್ದವನ ಹಣ ಸೋತವನ ಕಿಸೆಯಿಂದಲೇ ಬರುತ್ತದೆ. ವ್ಯತ್ಯಾಸ ಇರುವುದು ಕಟ್ಟುವ ಬಗೆಯಲ್ಲಿ. ಚಹಾದಂಗಡಿಯ ಬಾಜಿ ಇಬ್ಬರ ನಡುವಿನದು. ಒಮ್ಮೆ ಕೈ ಮೇಲೆ ಕೈ ಬಿದ್ದರೆ ಎಣಿಕೆ ಮುಗಿಯುವ ತನಕ ಹಿಂದೆ ಸರಿಯುವಂತಿಲ್ಲ. ಮಾರ್ಕೆಟ್‌ನಲ್ಲಿ ‘ಇಂಥ ಪಕ್ಷ ಗೆಲ್ಲುತ್ತದೆ’ ಎಂಬುದೇ ಒಂದು ಷೇರು. ಗೆದ್ದರೆ ಅದಕ್ಕೆ 1 ಡಾಲರ್, ಸೋತರೆ ಸೊನ್ನೆ. ‘ಹೌದು’ ಷೇರು 95 ಸೆಂಟಿಗೆ ಸಿಗುತ್ತಿದ್ದರೆ ‘ಇಲ್ಲ’ ಷೇರು 5 ಸೆಂಟಿನ ಆಸುಪಾಸು. ನಡುವೆ ಯಾವಾಗ ಬೇಕಾದರೂ ಮಾರಿ ಹೊರಬರಬಹುದು, ಕೊಳ್ಳುವವರು ಇದ್ದರೆ.

ಅಮೆರಿಕದ ಐಯೋವಾ ವಿಶ್ವವಿದ್ಯಾಲಯ 1988ರಲ್ಲಿ ಅಧ್ಯಯನಕ್ಕೆಂದು ಇಂಥದ್ದನ್ನು ಶುರುಮಾಡಿತು. ಅಲ್ಲಿ ಒಬ್ಬರು ಹಾಕಬಹುದಾದ ಮೊತ್ತಕ್ಕೆ 500 ಡಾಲರ್ ಮಿತಿ. 2014ರಲ್ಲಿ ಪ್ರಿಡಿಕ್ಟ್‌ಇಟ್, 2020ರಲ್ಲಿ ಪಾಲಿಮಾರ್ಕೆಟ್ ಬಂದವು. ಕಲ್ಶಿ ಎಂಬ ಸಂಸ್ಥೆ ಅಲ್ಲಿನ ನಿಯಂತ್ರಕರ ವಿರುದ್ಧ ಕೋರ್ಟಿನಲ್ಲಿ ಗೆದ್ದು 2024ರ ಅಕ್ಟೋಬರ್‌ನಲ್ಲಿ ಚುನಾವಣಾ ಷೇರುಗಳನ್ನು ಬಹಿರಂಗವಾಗಿ ಮಾರತೊಡಗಿತು.

95 ಅಂದ್ರ 95 ಪರ್ಸೆಂಟ್ ಓಟು ಬೀಳ್ತಾವ ಅಂತನಾ?

ಅಲ್ಲ. ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ. 95 ಎಂದರೆ ಇಂಥದೇ ಪರಿಸ್ಥಿತಿಯ 100 ಚುನಾವಣೆಗಳಲ್ಲಿ ಸುಮಾರು 95ರಲ್ಲಿ ಈ ಪಕ್ಷ ಗೆಲ್ಲುತ್ತದೆ ಎಂಬ ಅಂದಾಜು. ಗೆಲುವು ಒಂದು ಓಟಿನದಾದರೂ ಸರಿ, ಒಂದು ಲಕ್ಷದ್ದಾದರೂ ಸರಿ. 54–46ರ ಹೋರಾಟದಲ್ಲೂ ಮಾರ್ಕೆಟ್ 85 ತೋರಿಸಬಹುದು. ಮಾರ್ಕೆಟ್ ಸರಿಯಾಗಿ ನಡೆಯುತ್ತಿದ್ದರೆ 95 ತೋರಿಸಿದ 20 ಸೀಟುಗಳಲ್ಲಿ ಸರಾಸರಿ ಒಂದು ಬೀಳಲೇಬೇಕು. ಆ ಒಂದು ಬಿದ್ದ ದಿನ ‘ಮಾರ್ಕೆಟ್ ಸುಳ್ಳು ಹೇಳಿತು’ ಎಂದು ಕೂಗುವುದರಲ್ಲಿ ಅರ್ಥವಿಲ್ಲ.

ಬುಕ್ಕಿ ‘15 ಪೈಸೆ’ ಅಂತಾನ, ಮಾರ್ಕೆಟ್ 84 ಅಂತದ. ಎರಡೂ ಒಂದ ಏನ್ರಿ?

ಹೆಚ್ಚುಕಡಿಮೆ ಒಂದೇ. ಸಟ್ಟಾ ಭಾವದಲ್ಲಿ ಪೈಸೆ ಕಡಿಮೆಯಾದಷ್ಟೂ ಗೆಲುವು ಹತ್ತಿರ. 15 ಪೈಸೆ ಎಂದರೆ 1 ರೂಪಾಯಿ ಕಟ್ಟಿದರೆ ಮೇಲೆ 15 ಪೈಸೆ ಲಾಭ. ಸಂಭವ ತೆಗೆಯಲು 1ನ್ನು 1.15ರಿಂದ ಭಾಗಿಸಿ: 87. ಎದುರಾಳಿಗೆ 5 ರೂಪಾಯಿ ಭಾವ ಇದ್ದರೆ 1ನ್ನು 6ರಿಂದ ಭಾಗಿಸಿ: 16.7. ಕೂಡಿಸಿದರೆ 103.7 ಬರುತ್ತದೆ. 100ರ ಮೇಲಿನ ಆ 3.7 ಬುಕ್ಕಿಯ ಪಾಲು. ಅದನ್ನು ತೆಗೆಯಲು 87ನ್ನು 103.7ರಿಂದ ಭಾಗಿಸಿದರೆ 84. ಬುಕ್ಕಿಯ ಭಾವವನ್ನು ಮಾರ್ಕೆಟ್ ಬೆಲೆಗೆ ಹೋಲಿಸುವ ಮುಂಚೆ ಈ ಕಡಿತ ಮಾಡದವರು ಬುಕ್ಕಿಗೇ ಹೆಚ್ಚು ಧೈರ್ಯ ಇದೆ ಎಂದು ತಿಳಿದುಬಿಡುತ್ತಾರೆ.

ನಮ್ಮೂರಾಗ ಕುಂತು ಇದರಾಗ ರೊಕ್ಕ ಹಾಕಬಹುದಾ? ಕೇಸ್ ಆಗ್ತದೇನು?

ಹಾಕಬೇಡಿ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, ಹಣ ಇಟ್ಟು ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಅದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೇ ವಾದಕ್ಕೆ ಅಲ್ಲಿ ಜಾಗವಿಲ್ಲ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಆದರೆ ‘ನಾಕು ಮಂದೀನ್ನ ಸೇರಿಸು, ಕಮಿಷನ್ ಕೊಡ್ತೀವಿ’ ಎಂದು ಲಿಂಕ್ ಹಂಚಿದವನು ಪ್ರಚಾರ ಮಾಡಿದವನ ಸಾಲಿಗೆ ಬರುತ್ತಾನೆ. ಆಫ್‌ಲೈನ್ ಬಾಜಿಗೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಜೂಜಿನ ಕಲಮುಗಳು ಇದ್ದೇ ಇವೆ.

ಇನ್ನೊಂದು ಗಟ್ಟಿ ಮಾತು 1872ರ ಕರಾರು ಕಾಯ್ದೆಯ 30ನೇ ಕಲಮಿನಲ್ಲಿದೆ: ಪಂಥದ ಕರಾರಿಗೆ ಕಾನೂನಿನ ಬಲ ಇಲ್ಲ. ಗೆದ್ದ ಹಣ ಕೊಡದವನನ್ನು ಕೋರ್ಟಿಗೆ ಎಳೆಯಲು ಬರುವುದಿಲ್ಲ.

ವಾಟ್ಸಾಪ್, ಟೆಲಿಗ್ರಾಂನಲ್ಲಿ ‘ಐಡಿ’ (ಬಾಜಿ ಆಡುವ ಖಾತೆ) ಮಾರುವವರದು ಬೇರೆಯದೇ ದಂಧೆ. ಹಣ ಯಾರದೋ ವೈಯಕ್ತಿಕ ಖಾತೆಗೆ ಯುಪಿಐ ಮೂಲಕ ಹೋಗುತ್ತದೆ. ಪರದೆಯ ಮೇಲೆ ಗೆದ್ದ ಮೊತ್ತ ಕಾಣುತ್ತದೆ, ತೆಗೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಹೀಗೆ ಹಣ ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರಿರುತ್ತದೆ.

## ಬೆಲೆಯೊಳಗೆ ಏನೇನಿದೆ

ಯಾರ ಗೆಲ್ತಾರಂತ ಊರಿಗೇ ಗೊತ್ತದ. ಮತ್ತ 96ಕ್ಕ ಯಾಕ ನಿಂತದ? 100 ಯಾಕ ಆಗೂದಿಲ್ಲ?

ಸೇಫ್ ಸೀಟಿನ ಬೆಲೆಯಲ್ಲಿ ರಾಜಕೀಯ ಕಡಿಮೆ, ಬಡ್ಡಿ ಮತ್ತು ಶುಲ್ಕ ಹೆಚ್ಚು. ಬಿಡಿಸಿ ನೋಡೋಣ.

ಎಣಿಕೆಗೆ ಇನ್ನೂ 5 ತಿಂಗಳಿದೆ. ಗೆಲುವು 100ಕ್ಕೆ 100 ಖಚಿತ ಎಂದು ನಿಮಗೆ ಗೊತ್ತು. ಆದರೂ 100 ಕೊಟ್ಟು 100 ಪಡೆಯಲು ಯಾರೂ 5 ತಿಂಗಳು ಹಣ ಕಟ್ಟಿಹಾಕುವುದಿಲ್ಲ. ವರ್ಷಕ್ಕೆ 7ರ ಬಡ್ಡಿಯ ಎಫ್‌ಡಿಯಲ್ಲಿ 5 ತಿಂಗಳಿಗೆ 2.9 ಸಿಗುತ್ತದೆ. ಹಾಗಾಗಿ ಪೂರ್ತಿ ಖಚಿತ ಇರುವವನೂ ಸುಮಾರು 97.2ಕ್ಕಿಂತ ಹೆಚ್ಚು ಕೊಡಲಾರ. ಅಂದರೆ 5 ತಿಂಗಳ ಹಿಂದಿನ 97 ಎಂಬುದು ‘ಖಚಿತ’ ಎನ್ನುವುದರ ಇನ್ನೊಂದು ರೂಪ. ಎಣಿಕೆಯ ಹಿಂದಿನ ದಿನದ 97ಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಉಳಿದ 3 ನಿಜವಾದ ಅನುಮಾನ. ಕೆಲವು ಮಾರ್ಕೆಟ್‌ಗಳು ಇಟ್ಟ ಹಣಕ್ಕೆ ಬಡ್ಡಿ ಕೊಡುತ್ತವೆ, ಅಲ್ಲಿ ಈ ಕಡಿತ ಸಣ್ಣದು.

ಇನ್ನು ಶುಲ್ಕ. ಪ್ರಿಡಿಕ್ಟ್‌ಇಟ್ ಬಹಳ ವರ್ಷ ಲಾಭದ ಮೇಲೆ 10, ಹಣ ಹೊರತೆಗೆಯುವಾಗ ಒಟ್ಟು ಮೊತ್ತದ ಮೇಲೆ 5 ಶೇಕಡಾ ಹಿಡಿಯುತ್ತಿತ್ತು. 97ಕ್ಕೆ ಕೊಂಡು ಗೆದ್ದರೆ ಲಾಭ 3, ಅದರಲ್ಲಿ 0.30 ಕಳೆದು ಕೈಗೆ 99.70. ಹೊರತೆಗೆಯುವಾಗ 5 ಶೇಕಡಾ ಹೋದರೆ 94.7. ಗೆದ್ದೂ ನಷ್ಟ! ಅಂಥ ಕಡೆ ಖಚಿತ ಸೀಟು 95–96ರ ಹತ್ತಿರ ಜೋತುಬಿದ್ದಿದ್ದರೆ ಅದರಲ್ಲಿ ಗುಟ್ಟೇನೂ ಇಲ್ಲ. ಕಲ್ಶಿಯ ಸಾಮಾನ್ಯ ಸೂತ್ರ ಬೇರೆ: 0.07 × ಷೇರು × ಬೆಲೆ × (1 − ಬೆಲೆ). 50 ಸೆಂಟಿನ 100 ಷೇರಿಗೆ ಶುಲ್ಕ 1.75 ಡಾಲರ್, 97 ಸೆಂಟಿನ 100 ಷೇರಿಗೆ 21 ಸೆಂಟ್ ಮಾತ್ರ. ಆದ್ದರಿಂದ ಒಂದೇ ಸೀಟು ಒಂದು ಕಡೆ 95, ಇನ್ನೊಂದು ಕಡೆ 98 ಇದ್ದರೆ ಮೊದಲು ಎರಡೂ ಕಡೆಯ ಶುಲ್ಕದ ಪುಟ ತೆರೆದು ನೋಡಿ.

ಒಂದೇ ಮಾರ್ಕೆಟ್‌ನ ಚಾರ್ಟ್‌ನಲ್ಲಿ 95 ಇದೆ. ಕೊಳ್ಳಲು ಹೋದರೆ 98, ಮಾರಲು ಹೋದರೆ 92. ಯಾವುದನ್ನು ನಂಬಬೇಕು?

ಮೂರನ್ನೂ ಒಟ್ಟಿಗೆ ಓದಬೇಕು. ಎಪಿಎಂಸಿಯಲ್ಲಿ ಒಣಮೆಣಸಿನಕಾಯಿ ಲಾಟಿಗೆ ಖರೀದಿದಾರ ಕೂಗುವ ದರ ಒಂದು, ರೈತ ಬಿಡಲು ಒಪ್ಪುವ ದರ ಇನ್ನೊಂದು ಇರುವ ಹಾಗೆ ಇಲ್ಲೂ ಕೊಳ್ಳುವವರ ಅತಿ ಹೆಚ್ಚಿನ ಬೆಲೆ 92, ಮಾರುವವರ ಅತಿ ಕಡಿಮೆ ಬೆಲೆ 98. ವ್ಯಾಪಾರ ಕುದುರಿಲ್ಲ. ಪಾಲಿಮಾರ್ಕೆಟ್ ಈ ಎರಡರ ನಡುವಿನ ಅಂಕಿಯನ್ನು ತೋರಿಸುತ್ತದೆ. ಅಂತರ 10 ಸೆಂಟ್ ಮೀರಿದರೆ ಕೊನೆಗೆ ವಹಿವಾಟಾದ ಬೆಲೆಯನ್ನು ತೋರಿಸುತ್ತದೆ. ಆ ಕೊನೆಯ ವಹಿವಾಟು ನಾಲ್ಕು ದಿನ ಹಿಂದಿನದೂ ಆಗಿರಬಹುದು.

92–98 ಇದ್ದರೆ ‘ಮಾರ್ಕೆಟ್ 95 ಅನ್ನುತ್ತದೆ’ ಎನ್ನಬೇಡಿ. ‘90ರ ಮೇಲೆ ಎಲ್ಲೋ ಇದೆ’ ಎನ್ನುವುದಷ್ಟೇ ಪ್ರಾಮಾಣಿಕ ಓದು. ಅಂತರ 1 ಸೆಂಟ್ ಇದ್ದು, ಎರಡೂ ಬದಿಗೆ ಸಾವಿರಾರು ಡಾಲರ್‌ನ ಆರ್ಡರ್ ಇದ್ದರೆ ಮಾತ್ರ ಆ ಅಂಕಿಗೆ ತೂಕ.

ನಿನ್ನೆ 97 ಇದ್ದದ್ದು ಇವತ್ತು 88. ಒಳಗ ಏನೋ ಸುದ್ದಿ ಇರಬೇಕಲ್ಲ?

ಇರಬಹುದು. ಸೇಫ್ ಸೀಟಿನಲ್ಲಿ ಇಲ್ಲದಿರುವ ಸಂಭವವೇ ಹೆಚ್ಚು. ಒಂದೇ ಕಡೆ ಹಣ ಇರುವ, ಯಾರಿಗೂ ಆಸಕ್ತಿ ಇಲ್ಲದ ಮಾರ್ಕೆಟ್‌ನಲ್ಲಿ ಕೆಲವು ನೂರು ಡಾಲರ್ ಸಾಕು, ಬೆಲೆ 10 ಸೆಂಟ್ ಜಾರಲು. ಹಣದ ತುರ್ತಿಗೆ ಒಬ್ಬ ತನ್ನ ಷೇರು ಸಿಕ್ಕ ಬೆಲೆಗೆ ಮಾರಿದರೂ ಚಾರ್ಟಿನಲ್ಲಿ ಅದು ‘ಅಲೆ’ಯಂತೆಯೇ ಕಾಣುತ್ತದೆ.

ನೋಡುವ ಕ್ರಮ ಹೀಗೆ. ಆ 24 ಗಂಟೆಯಲ್ಲಿ ಎಷ್ಟು ಡಾಲರ್ ವಹಿವಾಟಾಗಿದೆ, ಎಷ್ಟು ಬಾರಿ? ಒಂದೇ ದೊಡ್ಡ ಮಾರಾಟವಾದರೆ ಬದಿಗಿಡಿ. ಆರು ಗಂಟೆಯಲ್ಲಿ ಬೆಲೆ ವಾಪಸು ಏರಿತೇ? ಏರಿದ್ದರೆ ಅದು ಸುದ್ದಿಯಲ್ಲ. ಪಕ್ಕದ ಕ್ಷೇತ್ರಗಳ ಬೆಲೆಯೂ ಅದೇ ದಿಕ್ಕಿಗೆ ಹೋಗಿದೆಯೇ? ಹೋಗಿದ್ದರೆ ಮಾತ್ರ ಕಿವಿ ನಿಮಿರಿಸಿ. 2012ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಂಥ ದೊಡ್ಡ ಪೈಪೋಟಿಯಲ್ಲೇ ಇನ್‌ಟ್ರೇಡ್ ಎಂಬ ಮಾರ್ಕೆಟ್‌ನ ಒಬ್ಬ ವ್ಯಾಪಾರಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ ಪರ ಲಕ್ಷಾಂತರ ಡಾಲರ್ ಸುರಿದು ಬೆಲೆಯನ್ನು ಎತ್ತಿಹಿಡಿದಿದ್ದ, ಕೊನೆಗೆ ಎಲ್ಲವನ್ನೂ ಕಳೆದುಕೊಂಡ. ಒಂದು ಕ್ಷೇತ್ರದ ಮಾರ್ಕೆಟ್ ಅಲುಗಾಡಿಸಲು ಅಷ್ಟೇನೂ ಬೇಡ.

3 ಸೆಂಟಿನ ಷೇರ್ ಗೆದ್ರ 33 ಪಟ್ಟು ಬರ್ತದ. ಸೋತವರ ಷೇರ್ ಭಾಳ ಸಸ್ತಾ ಅಲ್ಲೇನು?

ಸಸ್ತಾ ಕಾಣುತ್ತದೆ, ಸಸ್ತಾ ಅಲ್ಲ. ಕುದುರೆ ರೇಸಿನಲ್ಲಿ 1949ರಷ್ಟು ಹಿಂದೆಯೇ ಇದನ್ನು ಅಂಕಿಗಳಲ್ಲಿ ತೋರಿಸಲಾಗಿದೆ: ಗೆಲ್ಲುವ ಸಂಭವ ತೀರಾ ಕಡಿಮೆ ಇರುವ ಕುದುರೆಯ ಮೇಲೆ ಜನ ಬೇಕಾದ್ದಕ್ಕಿಂತ ಹೆಚ್ಚು ಹಣ ಕಟ್ಟುತ್ತಾರೆ. ಲಾಟರಿಯ ಆಸೆ. ಎದುರು ಬದಿಯವರಿಗೆ ಅದನ್ನು ಸರಿಮಾಡುವ ಉತ್ಸಾಹವೂ ಇಲ್ಲ, ಯಾಕೆಂದರೆ 3 ಸೆಂಟ್ ಗಳಿಸಲು 97 ಸೆಂಟ್ ತಿಂಗಳುಗಟ್ಟಲೆ ಕಟ್ಟಿಹಾಕಬೇಕು. ಹೀಗಾಗಿ 3 ತೋರಿಸುವ ಅಭ್ಯರ್ಥಿಯ ನಿಜವಾದ ಸಂಭವ 1 ಇದ್ದೀತು. ನಾಲ್ಕೈದು ಪಕ್ಷೇತರರಿಗೆ ತಲಾ 2 ತೋರಿಸುತ್ತಿದ್ದರೆ ಅದು ಕಸ. ಅವರಲ್ಲಿ ಹೆಚ್ಚಿನವರು ಠೇವಣಿಗೆ ಬೇಕಾದ ಆರನೇ ಒಂದು ಪಾಲು ಮತವನ್ನೂ ಮುಟ್ಟುವುದಿಲ್ಲ.

## ಕ್ಷೇತ್ರ ನಿಜವಾಗಿ ಎಷ್ಟು ಸೇಫ್?

ಸೇಫ್ ಸೀಟ್ ಎಂದು ಯಾವುದನ್ನು ಕರೆಯಬೇಕು? ಎಷ್ಟು ಸಲ ಗೆದ್ದಿದ್ದರೆ ಸಾಕು?

ಎಷ್ಟು ಸಲ ಗೆದ್ದರು ಎನ್ನುವುದು ಎರಡನೇ ಪ್ರಶ್ನೆ. ಸೀಟು ಯಾರದ್ದು, ಪಕ್ಷದ್ದೋ ಮನುಷ್ಯನದ್ದೋ ಎನ್ನುವುದು ಮೊದಲನೆಯದು.

ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ನೋಡಿ. 2018ರಲ್ಲಿ ಜಗದೀಶ ಶೆಟ್ಟರ್ ಬಿಜೆಪಿಯಿಂದ 21,306 ಮತಗಳಿಂದ ಗೆದ್ದರು. ಹುಬ್ಬಳ್ಳಿಯಲ್ಲಿ 1994ರಿಂದ ಅವರು ಸೋತಿರಲಿಲ್ಲ, ‘ಶೆಟ್ಟರ್ ಸೀಟು’ ಎಂದೇ ಹೆಸರು. 2023ರಲ್ಲಿ ಟಿಕೆಟ್ ಸಿಗದೆ ಕಾಂಗ್ರೆಸ್‌ನಿಂದ ನಿಂತರು. ಬಿಜೆಪಿಯ ಮಹೇಶ ಟೆಂಗಿನಕಾಯಿ 95,064, ಶೆಟ್ಟರ್ 60,775, ಅಂತರ 34,289. ಮನುಷ್ಯ ಆಚೆ ಹೋದ ಮೇಲೆ ಪಕ್ಷದ ಅಂತರ ಹೆಚ್ಚೇ ಆಯಿತು. ಅದೇ ಊರಿನ ಪೂರ್ವ ಕ್ಷೇತ್ರ 2013, 2018, 2023ರಲ್ಲಿ ಕಾಂಗ್ರೆಸ್‌ಗೆ, ಪಶ್ಚಿಮ ಕ್ಷೇತ್ರ ಅದೇ ಮೂರು ಬಾರಿ ಬಿಜೆಪಿಗೆ. ಮೂರು ಕ್ಷೇತ್ರದ ಗಡಿಗಳು ಒಂದಕ್ಕೊಂದು ತಾಗಿದ್ದರೂ ‘ಹುಬ್ಬಳ್ಳಿಯ ಹವಾ’ ಎಂದು ಒಂದಿಲ್ಲ.

ಗೆಲುವಿನ ಸಂಖ್ಯೆ ಮೋಸ ಮಾಡುವುದಕ್ಕೆ ಗದಗ ಸಾಕ್ಷಿ. ಎಚ್.ಕೆ. ಪಾಟೀಲ ಅಲ್ಲಿ 2013ರಿಂದ ಸತತ ಮೂರು ಬಾರಿ ಗೆದ್ದರು. ಆದರೆ 2018ರ ಅಂತರ ಬರೀ 1,868. ‘ಸತತ ಗೆಲುವು’ ಎಂಬ ಸಾಲಿನಲ್ಲಿ ಆ 1,868 ಅಡಗಿ ಕುಳಿತಿರುತ್ತದೆ.

ಶಿಗ್ಗಾವಿ ಸೇಫ್ ಸೀಟ್ ಅಲ್ಲೇನ್ರಿ? ಅದ್ಯಾಕ ಬಿತ್ತು?

ಬೊಮ್ಮಾಯಿಯವರಿಗೆ ಸೇಫ್ ಆಗಿತ್ತು. ಬಸವರಾಜ ಬೊಮ್ಮಾಯಿ 2008ರಿಂದ ನಾಲ್ಕು ಬಾರಿ ಗೆದ್ದರು. ಆದರೆ 2013, 2018ರಲ್ಲಿ ಅಂತರ 10,000 ದಾಟಿರಲಿಲ್ಲ. 2023ರಲ್ಲಿ ಅವರೇ ಮುಖ್ಯಮಂತ್ರಿ; ಅಂತರ 35,978ಕ್ಕೆ ಜಿಗಿಯಿತು. ಆ ಒಂದು ಅಂಕಿ ಹಿಡಿದು ಭದ್ರಕೋಟೆ ಎಂದವರು ಹಿಂದಿನ ಎರಡನ್ನು ಮರೆತರು.

2024ರಲ್ಲಿ ಅವರು ಹಾವೇರಿಯಿಂದ ಲೋಕಸಭೆಗೆ ಹೋದರು. ನವೆಂಬರ್ 13ರ ಉಪಚುನಾವಣೆಗೆ ಮಗ ಭರತ್ ಬೊಮ್ಮಾಯಿ ಅಭ್ಯರ್ಥಿ. ಕಾಂಗ್ರೆಸ್‌ನಲ್ಲಿ ಬಂಡಾಯವಾಗಿ ನಾಮಪತ್ರ ಹಾಕಿದ್ದ ಮಾಜಿ ಶಾಸಕರೊಬ್ಬರು ಹಿಂದೆ ಸರಿದರು. ಕಾಂಗ್ರೆಸ್‌ನ ಯಾಸಿರ್ ಅಹ್ಮದ್ ಖಾನ್ ಪಠಾಣ್ 1,00,756, ಬಿಜೆಪಿಯ ಭರತ್ 87,308, ಅಂತರ 13,448. ಒಂದೂವರೆ ವರ್ಷದಲ್ಲಿ 35,978ರಿಂದ ಸೊನ್ನೆ ದಾಟಿ ಆ ಕಡೆ 13,448: ಒಟ್ಟು 49,426 ಮತಗಳ ಪಲ್ಲಟ.

ಇಲ್ಲಿ ಕಣ್ಣಿಗೆ ಬೀಳಬೇಕಾದ ಗುರುತುಗಳು ಎಲ್ಲವೂ ಮತದಾನಕ್ಕೆ ವಾರಗಳ ಮುಂಚೆಯೇ ಗೊತ್ತಿದ್ದವು: ಅಭ್ಯರ್ಥಿ ಬದಲು, ರಾಜ್ಯದಲ್ಲಿ ಎದುರು ಪಕ್ಷದ ಸರ್ಕಾರ, ಎದುರು ಬದಿಯ ಬಂಡಾಯ ಶಮನ, ಹಿಂದಿನ ದೊಡ್ಡ ಅಂತರಕ್ಕೆ ಒಂದು ವಿಶೇಷ ಕಾರಣ. ನಾಲ್ಕರಲ್ಲಿ ಮೂರು ಇದ್ದರೆ 95ರ ಬೆಲೆಯನ್ನು ಒಪ್ಪಬಾರದು.

ಉಪಚುನಾವಣೆ ಅಂದ್ರ ಆಡಳಿತ ಪಕ್ಷದ್ದ ಅಂತ ಹಿಡೀಬಹುದಾ?

ಒಂದು ಹೆಜ್ಜೆ ಆ ಕಡೆ ವಾಲಬಹುದು, ಪೂರ್ತಿ ಬೀಳಬಾರದು. 2024ರ ನವೆಂಬರ್‌ನಲ್ಲಿ ಶಿಗ್ಗಾವಿ, ಸಂಡೂರು, ಚನ್ನಪಟ್ಟಣ ಮೂರೂ ಆಡಳಿತ ಪಕ್ಷಕ್ಕೆ ಬಂದವು. ಆದರೆ 2021ರಲ್ಲಿ ಹಾನಗಲ್ ನೋಡಿ: ಸರ್ಕಾರ ಬಿಜೆಪಿಯದು, ಮುಖ್ಯಮಂತ್ರಿ ಬೊಮ್ಮಾಯಿಯವರ ಕ್ಷೇತ್ರ ಅದೇ ಜಿಲ್ಲೆಯದು, ಆದರೂ ಕಾಂಗ್ರೆಸ್‌ನ ಶ್ರೀನಿವಾಸ ಮಾನೆ 7,373 ಮತಗಳಿಂದ ಗೆದ್ದರು.

ಮಾರ್ಕೆಟ್ ಬಿಡ್ರಿ, ನಾನ ಒಂದು ಅಂಕಿ ತೆಗೀಬೇಕಂದ್ರ ಹೆಂಗ?

ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ ಸಾಕು.

ಮೊದಲು ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಿಂದ ನಮೂನೆ 20 ತೆಗೆದುಕೊಳ್ಳಿ. ಮತಗಟ್ಟೆವಾರು ಮತಗಳು ಅದರಲ್ಲಿವೆ. ಕಳೆದ ಎರಡು ವಿಧಾನಸಭೆ, ಕಳೆದ ಲೋಕಸಭೆಯಲ್ಲಿ ಈ ವಿಧಾನಸಭಾ ಭಾಗದ ಮತ, ಇಷ್ಟು ಬೇಕು. 2008ಕ್ಕಿಂತ ಹಿಂದಿನದು ಬೇಡ. ಕ್ಷೇತ್ರ ಮರುವಿಂಗಡಣೆಯಲ್ಲಿ ಗಡಿಗಳು ಬದಲಾಗಿವೆ, ಹೆಸರು ಒಂದೇ ಇದ್ದರೂ ಊರುಗಳು ಬೇರೆ.

ಮೊದಲ ಇಬ್ಬರ ಮತವನ್ನಷ್ಟೇ 100 ಎಂದು ಹಿಡಿದು ಅಂತರ ತೆಗೆಯಿರಿ. ಸೆಂಟ್ರಲ್‌ನ 2023ರಲ್ಲಿ 61–39, ಅಂತರ 22. 2018ರಲ್ಲಿ 16 ಚಿಲ್ಲರೆ. ಕಳೆದ ವಿಧಾನಸಭೆಗೆ ಅರ್ಧ ತೂಕ, ಉಳಿದ ಎರಡಕ್ಕೆ ಕಾಲು ಕಾಲು ತೂಕ ಕೊಟ್ಟು ಸರಾಸರಿ ಮಾಡಿ. ಈ ತೂಕ ನಮ್ಮ ಅನುಭವದ ಆಯ್ಕೆ, ವೇದವಾಕ್ಯವಲ್ಲ.

ನಾಮಪತ್ರ ಹಿಂಪಡೆಯುವ ದಿನ ಮುಗಿಯುವ ತನಕ ಕಾಯಿರಿ. ಅದಕ್ಕೂ ಮುಂಚೆ ತೆಗೆದ ಅಂಕಿ ಕಚ್ಚಾ. ಬಂಡಾಯ ಅಭ್ಯರ್ಥಿ ಉಳಿದಿದ್ದರೆ ಅವನಿಗೆ ಬೀಳುವ ಮತ, ಅದರಲ್ಲಿ ನಿಮ್ಮ ಪಕ್ಷದಿಂದ ಹೋಗುವ ಪಾಲು ಅಂದಾಜಿಸಿ. 12,000 ಮತ, ಅದರಲ್ಲಿ ಮೂರನೇ ಎರಡು ನಿಮ್ಮ ಕಡೆಯಿಂದ ಎಂದರೆ 8,000. ಒಟ್ಟು 1.6 ಲಕ್ಷ ಚಲಾವಣೆಯಾದರೆ 5 ಅಂಕ ಕಳೆಯಿರಿ.

ಈಗ ಬಹುಮುಖ್ಯ ಹೆಜ್ಜೆ: ಈ ಅಂತರ ಎಷ್ಟು ಆಚೀಚೆ ಆದೀತು? ಅದೇ ಅಭ್ಯರ್ಥಿ, ಸಾರ್ವತ್ರಿಕ ಚುನಾವಣೆ ಎಂದರೆ 8 ಅಂಕ ಇಟ್ಟುಕೊಳ್ಳಿ. ಅಭ್ಯರ್ಥಿ ಬದಲಾಗಿದ್ದರೆ, ಉಪಚುನಾವಣೆಯಾದರೆ 15. ಅಂತರವನ್ನು ಇದರಿಂದ ಭಾಗಿಸಿ. ಬಂದ ಉತ್ತರ ಅರ್ಧ ಆದರೆ ಗೆಲುವಿನ ಸಂಭವ 69, ಒಂದಾದರೆ 84, ಒಂದೂವರೆ ಆದರೆ 93, ಎರಡಾದರೆ 98. ನಡುವಿನ ಅಂಕಿಗಳನ್ನು ಎಕ್ಸೆಲ್‌ನ ‘ನಾರ್ಮ್ ಎಸ್ ಡಿಸ್ಟ್’ ಫಂಕ್ಷನ್ ಕೊಡುತ್ತದೆ.

ಶಿಗ್ಗಾವಿಗೆ ಇದನ್ನೇ ಹಚ್ಚಿ ನೋಡಿ. 2023ರ ಬೊಮ್ಮಾಯಿ 1,00,016, ಪಠಾಣ್ 64,038. ಇಬ್ಬರ ಮತದಲ್ಲಿ ಅಂತರ 22 ಅಂಕ. 8ರಿಂದ ಭಾಗಿಸಿದರೆ 2.75, ಅಂದರೆ 99.7. 15ರಿಂದ ಭಾಗಿಸಿದರೆ 1.47, ಅಂದರೆ 93. ಹಿಂದಿನ ಸಣ್ಣ ಅಂತರಗಳಿಗೂ ತೂಕ ಕೊಟ್ಟಿದ್ದರೆ 93ಕ್ಕಿಂತಲೂ ಎಷ್ಟೋ ಕೆಳಗೆ. ಒಂದೇ ಕ್ಷೇತ್ರ, ಒಂದೇ ಫಲಿತಾಂಶ, 99.7 ಎಂದವನಿಗೆ ಅದು ಪವಾಡ, 93 ಎಂದವನಿಗೆ ಆಗುವಂಥದ್ದು.

ಮತದಾನ ಮುಗಿಯುವ ತನಕ ಯಾವ ಸೀಟಿಗೂ 98 ದಾಟಬೇಡಿ. ಬಿ ಫಾರ್ಮ್ ಗೊಂದಲ, ನಾಮಪತ್ರ ತಿರಸ್ಕಾರ, ಅಭ್ಯರ್ಥಿಯ ಸಾವು ಯಾವ ಲೆಕ್ಕದಲ್ಲೂ ಬರುವುದಿಲ್ಲ.

## ಪಳಗಿದವರ ಪ್ರಶ್ನೆಗಳು

ಐದು ಸೇಫ್ ಸೀಟು, ಒಂದೊಂದಕ್ಕೆ 95. ಐದೂ ಬರುವ ಸಂಭವ ಎಷ್ಟು?

0.95ನ್ನು ಐದು ಬಾರಿ ಗುಣಿಸಿದರೆ 77. ಆದರೆ ಈ ಲೆಕ್ಕ ಒಂದು ಸೀಟಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ನಂಬುತ್ತದೆ. ಹಾವೇರಿ ಜಿಲ್ಲೆಯ ಆರು ಸೀಟುಗಳಲ್ಲಿ ಬಿಜೆಪಿ 2018ರಲ್ಲಿ 4 ಗೆದ್ದಿತ್ತು, 2023ರಲ್ಲಿ ಉಳಿದದ್ದು ಶಿಗ್ಗಾವಿ ಒಂದೇ. ಗಾಳಿ ಬೀಸಿದರೆ ಒಂದೇ ಹೊಲದ ಜೋಳವೆಲ್ಲ ಒಂದೇ ಕಡೆ ಬಾಗುತ್ತದೆ. ಹಾಗಾಗಿ ಐದೂ ಬರುವ ಸಂಭವ 77ಕ್ಕಿಂತ ಹೆಚ್ಚು, ಸುಮಾರು 85 ಎಂದಿಟ್ಟುಕೊಳ್ಳಬಹುದು. ಜೊತೆಗೆ ಮೂರು-ನಾಲ್ಕು ಒಟ್ಟಿಗೆ ಬೀಳುವ ಸಂಭವವೂ ಬರೀ ಗುಣಾಕಾರ ತೋರಿಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪಕ್ಷದ ಒಟ್ಟು ಸೀಟುಗಳ ಅಂದಾಜು ಕೆಡುವುದು ಇಲ್ಲೇ.

ಅಭ್ಯರ್ಥಿ ಗೆದ್ದರೂ ಷೇರು ಸೊನ್ನೆಯಾಯಿತು ಎನ್ನುತ್ತಾರೆ. ಅದು ಹೇಗೆ ಸಾಧ್ಯ?

ಷೇರಿನ ವಾಕ್ಯವನ್ನು ಓದದಿದ್ದರೆ ಸಾಧ್ಯ. ‘ಇಂಥ ಪಕ್ಷ ಗೆಲ್ಲುತ್ತದೆಯೇ’ ಮತ್ತು ‘ಇಂಥವರು ಗೆಲ್ಲುತ್ತಾರೆಯೇ’ ಎರಡು ಬೇರೆ ಪ್ರಶ್ನೆಗಳು. ಟಿಕೆಟ್ ಘೋಷಣೆಗೆ ಮುಂಚೆ 2023ರ ಸೆಂಟ್ರಲ್‌ನಲ್ಲಿ ಈ ಎರಡರ ಬೆಲೆಯೂ ಒಂದೇ ಇರುತ್ತಿತ್ತು. ಫಲಿತಾಂಶ ಒಂದಕ್ಕೆ 100, ಇನ್ನೊಂದಕ್ಕೆ ಸೊನ್ನೆ.

ಗಡುವು ಇನ್ನೊಂದು ಬಲೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮುಂಚೆ ತೀರಿಕೊಂಡರೆ ಪ್ರಜಾಪ್ರತಿನಿಧಿ ಕಾಯ್ದೆಯ 52ನೇ ಕಲಮಿನಂತೆ ಮತದಾನ ಮುಂದಕ್ಕೆ ಹೋಗುತ್ತದೆ. ಷೇರಿನಲ್ಲಿ ‘ಇಂಥ ತಾರೀಖಿನೊಳಗೆ’ ಎಂದಿದ್ದರೆ ಆಮೇಲೆ ಗೆದ್ದರೂ ಪ್ರಯೋಜನವಿಲ್ಲ. ಉಲ್ಟಾ ಕೂಡ ಇದೆ: 2024ರಲ್ಲಿ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಮತದಾನವೇ ಇಲ್ಲದೆ ಬಿಜೆಪಿ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದರು. ‘ಶೇಕಡಾ 50ಕ್ಕಿಂತ ಹೆಚ್ಚು ಮತ ಪಡೆಯುತ್ತಾರೆಯೇ’ ಎಂಬಂಥ ಷೇರು ಅಲ್ಲಿ ಏನಾಗಬೇಕು? ನಿಯಮದ ಪುಟದಲ್ಲಿ ಉತ್ತರ ಇಲ್ಲದಿದ್ದರೆ ಆ ಬೆಲೆಯನ್ನು ಸಂಭವ ಎಂದು ಓದಲೇಬಾರದು.

ಎಣಿಕೆ ದಿನ ಬೆಳಿಗ್ಗೆ 9ಕ್ಕ 70ಕ್ಕ ಇಳೀತದ, 11ಕ್ಕ 99. ಅದ್ಯಾಕ ಹಿಂಗ ಕುಣೀತದ?

ಎಣಿಕೆ ನಡೆಯುವ ಕ್ರಮದಿಂದ. 8 ಗಂಟೆಗೆ ಅಂಚೆ ಮತಪತ್ರ, ಅರ್ಧ ಗಂಟೆ ಬಿಟ್ಟು ಮತಯಂತ್ರ. ಸಾಮಾನ್ಯವಾಗಿ 14 ಟೇಬಲ್. 240 ಮತಗಟ್ಟೆ ಇದ್ದರೆ 18 ಸುತ್ತು. ಮತಗಟ್ಟೆಗಳು ಸಂಖ್ಯೆಯ ಅನುಕ್ರಮದಲ್ಲಿ ಬರುವುದರಿಂದ ಮೊದಲ ಮೂರು ಸುತ್ತಿನಲ್ಲಿ ಕ್ಷೇತ್ರದ ಒಂದೇ ಮೂಲೆಯ ಊರುಗಳು ಇರುತ್ತವೆ. ಆ ಮೂಲೆ ಎದುರಾಳಿಯದಾದರೆ ಹಿನ್ನಡೆ ಕಾಣುತ್ತದೆ, ದೂರದಲ್ಲಿ ಕುಳಿತ ವ್ಯಾಪಾರಿ ಹೆದರಿ ಮಾರುತ್ತಾನೆ.

ಇದನ್ನು ಓದುವ ವಿಧಾನ ಒಂದೇ. ಹಿಂದಿನ ನಮೂನೆ 20ರಲ್ಲಿ 1ರಿಂದ 42ರವರೆಗಿನ ಮತಗಟ್ಟೆಗಳ ಅಂತರ ಮೊದಲೇ ಕೂಡಿಸಿಟ್ಟುಕೊಳ್ಳಿ. ಹಿಂದಿನ ಸಲ ಮೂರು ಸುತ್ತಿಗೆ 2,000 ಹಿಂದಿದ್ದು ಕೊನೆಗೆ 20,000ದಿಂದ ಗೆದ್ದ ಪಕ್ಷ, ಈಗ ಅಲ್ಲೇ 2,500 ಹಿಂದಿದ್ದರೆ ಗಾಬರಿಯಿಲ್ಲ. 6,000 ಹಿಂದಿದ್ದರೆ ಇದೆ. ಹಳೇ ಪಟ್ಟಿಯ ಮತಗಟ್ಟೆ ಸಂಖ್ಯೆ ಈಗಲೂ ಅದೇ ಊರಿನದೇ ಎಂದು ಮಾತ್ರ ನೋಡಿಕೊಳ್ಳಿ. ಹೊಸ ಮತಗಟ್ಟೆ ಸೇರಿದರೆ ಮುಂದಿನ ಸಂಖ್ಯೆಗಳೆಲ್ಲ ಜರುಗುತ್ತವೆ.

ಮತದಾನ ನಡೆದಾಗ ಗ್ರೂಪಿನ್ಯಾಗ ಈ ರೇಟ್ ಹಾಕಿದ್ರ ತಪ್ಪೇನ್ರಿ? ಎಕ್ಸಿಟ್ ಪೋಲ್ ಅಲ್ಲಲಾ?

ಅಲ್ಲ, ಆದರೂ ಹಾಕಬೇಡಿ. ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಮು ಮತದಾನ ಶುರುವಾದ ಗಳಿಗೆಯಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಎಕ್ಸಿಟ್ ಪೋಲ್ ಪ್ರಕಟಣೆ ನಿಷೇಧಿಸುತ್ತದೆ. ಶಿಕ್ಷೆ 2 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. 2017ರ ಮಾರ್ಚ್‌ನಲ್ಲಿ ಚುನಾವಣಾ ಆಯೋಗ ಒಂದು ಹೆಜ್ಜೆ ಮುಂದೆ ಹೋಗಿ, ಆ ಅವಧಿಯಲ್ಲಿ ಜ್ಯೋತಿಷಿಗಳು, ರಾಜಕೀಯ ವಿಶ್ಲೇಷಕರು ಸೇರಿದಂತೆ ಯಾರು ಯಾವ ರೂಪದಲ್ಲಿ ಫಲಿತಾಂಶದ ಭವಿಷ್ಯ ಹೇಳಿದರೂ ಅದು ಈ ಕಲಮಿನ ಉಲ್ಲಂಘನೆ ಎಂದು ಮಾಧ್ಯಮಗಳಿಗೆ ತಿಳಿಸಿತು. ಜ್ಯೋತಿಷಿಯ ಮಾತೇ ಬಾರದು ಎಂದ ಮೇಲೆ ಮಾರ್ಕೆಟ್ ಬೆಲೆಯ ಸ್ಕ್ರೀನ್‌ಶಾಟ್‌ಗೆ ರಿಯಾಯಿತಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಲಾಗದು.

ನನ್ನ ಅಂದಾಜು ಮಾರ್ಕೆಟ್‌ಗಿಂತ ಚೆನ್ನಾಗಿತ್ತೋ ಇಲ್ಲವೋ ಅಳೆಯುವುದು ಹೇಗೆ?

ಬ್ರಯರ್ ಅಂಕದಿಂದ, 1950ರಲ್ಲಿ ಹವಾಮಾನ ಮುನ್ಸೂಚನೆಗೆಂದು ಬಂದ ಅಳತೆ. ನೀವು ಹೇಳಿದ ಸಂಭವದಿಂದ (95 ಎಂದರೆ 0.95) ಫಲಿತಾಂಶ ಕಳೆಯಿರಿ (ಗೆದ್ದರೆ 1, ಸೋತರೆ 0), ವರ್ಗ ಮಾಡಿ, ಎಲ್ಲ ಸೀಟುಗಳ ಸರಾಸರಿ ತೆಗೆಯಿರಿ. ಕಡಿಮೆ ಬಂದಷ್ಟೂ ಒಳ್ಳೆಯದು.

ಹತ್ತು ಸೇಫ್ ಸೀಟುಗಳಲ್ಲಿ ಒಂಬತ್ತು ಗೆದ್ದು ಒಂದು ಬಿತ್ತು ಎನ್ನಿ. ಎಲ್ಲಕ್ಕೂ 90 ಹೇಳಿದವನ ಅಂಕ 0.0900, 95 ಹೇಳಿದವನದು 0.0925, 99 ಹೇಳಿದವನದು 0.0981. ಹತ್ತೂ ಗೆದ್ದಿದ್ದರೆ ಕ್ರಮವಾಗಿ 0.0100, 0.0025, 0.0001. ಅಂದರೆ ಅತಿ ಧೈರ್ಯಕ್ಕೆ ಗೆದ್ದಾಗ ಸಿಗುವ ಬಹುಮಾನವೂ ಸೋತಾಗ ಬೀಳುವ ದಂಡವೂ ಕೂದಲೆಳೆಯಷ್ಟು. ಹತ್ತು ಸೀಟಿನ ಮೇಲೆ ಯಾರು ಜಾಣ ಎಂದು ತೀರ್ಮಾನಿಸಲು ಆಗುವುದೇ ಇಲ್ಲ. ಕನಿಷ್ಠ ನೂರು ಸೀಟಿನ ಪಟ್ಟಿ ಬೇಕು. ಧಾರವಾಡ ಜಿಲ್ಲೆಯ 7, ಗದಗದ 4, ಹಾವೇರಿಯ 6 ಸೇರಿಸಿದರೆ 17. ಉಳಿದವುಗಳಿಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಉತ್ತರ ಕನ್ನಡ ದಾಟಿ ಇನ್ನೂ ಆಚೆ ಹೋಗಬೇಕು. ಅಂಕಿಯನ್ನು ಮತದಾನದ ಹಿಂದಿನ ದಿನವೇ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಎಣಿಕೆ ಮುಗಿದ ಮೇಲೆ ‘ನಾ ಅಂದೇ ಅಂದಿದ್ದೆ’ ಎನ್ನುವವರ ಹಾಳೆಯಲ್ಲಿ ತಾರೀಖೇ ಇರುವುದಿಲ್ಲ.